ಶಲ್ಯದ ದವಾಖಾನೆ

ಸುಣಗಾರಹಾಳದ ದನದ ಸಂತೆಗೂ ಕಾಳಿನ ಪೇಟೆಗೂ ನಡುವೆ, ಎರಡು ಬೇವಿನ ಮರಗಳ ಹಿಂದೆ, ಹಂಚು ಹೊದಿಸಿದ ಒಂದು ದವಾಖಾನೆ ಇದೆ. ಬಾಗಿಲ ಮೇಲಿನ ಫಲಕದಲ್ಲಿ ‘ಸಾರ್ವಜನಿಕ ಚಿಕಿತ್ಸಾಲಯ’ ಎಂದು ಬರೆದಿದೆ. ಆ ಹೆಸರು ಹೇಳಿ ದಾರಿ ಕೇಳಿದರೆ ಊರಿನವರು ಸ್ವಲ್ಪ ಯೋಚಿಸುತ್ತಾರೆ. ಶಲ್ಯದ ದವಾಖಾನೆ ಎಂದರೆ ಮಾತ್ರ ಕೈ ತಾನಾಗಿ ಬೇವಿನ ಮರಗಳ ಕಡೆ ಏಳುತ್ತದೆ. ಮಂಗಳವಾರ, ಸಂತೆಯ ದಿನ, ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಎತ್ತು ಮಾರಲು ಬಂದವರು ಅವನ್ನು ಮರಕ್ಕೆ ಕಟ್ಟಿ ಕೆಮ್ಮು ತೋರಿಸಿಕೊಳ್ಳುತ್ತಾರೆ. ಮೆಣಸಿನಕಾಯಿ ಮಾರುವ ಹೆಂಗಸರು ಕಣ್ಣುರಿಗೆ ಔಷಧ ಕೇಳುತ್ತಾರೆ. ಡಾಕ್ಟರ ಮೇಜಿನ ಪಕ್ಕದ ಗೋಡೆಯಲ್ಲಿ, ಒಂದು ಮೊಳೆಗೆ, ಕೆಂಪು ಅಂಚಿನ ಬಿಳಿ ಶಲ್ಯ ತೂಗುತ್ತಿರುತ್ತದೆ. ಹೊಸಬರು ಯಾರಾದರೂ ಕೈ ಒರೆಸಿಕೊಳ್ಳಲೆಂದು ಅದನ್ನು ಎಳೆದರೆ, ಬೆಂಚಿನ ಮೇಲೆ ಕುಳಿತವರೆಲ್ಲ ಒಮ್ಮೆಗೇ ‘ಅದಲ್ಲರಿ’ ಎನ್ನುತ್ತಾರೆ.

ಹಿಂದೆ ಒಮ್ಮೆ, ಊರಿಗೆ ಇನ್ನೂ ಬಸ್ಸು ಬಾರದಿದ್ದ ಕಾಲದಲ್ಲಿ, ಕರಾವಳಿಯ ಕಡೆಯಿಂದ ದೇವರಾಯ ಪಡಿಯಾರ್ ಎಂಬ ಡಾಕ್ಟರು ಬಂದು ಇಲ್ಲಿ ನೆಲೆಸಿದರು. ಅವರು ಆಡುತ್ತಿದ್ದುದು ಪುಸ್ತಕದ ಕನ್ನಡ. ರೋಗಿಗಳು ಹೊಟ್ಟೆಯಲ್ಲಿ ಕಳಕಳ ಎಂದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ; ಅವರು ‘ಅಪಥ್ಯ’ ಎಂದರೆ ರೋಗಿಗಳಿಗೆ ಅರ್ಥವಾಗುತ್ತಿರಲಿಲ್ಲ. ಇಬ್ಬರ ನಡುವೆ ಮಾತು ದಾಟಿಸಲು ನಿಂತವನು ದನದ ದಲ್ಲಾಳಿ ದ್ಯಾಮಪ್ಪ. ಡಾಕ್ಟರು ಜಗಲಿಯಲ್ಲಿ ಕುಳಿತು ಮೊದಲ ರೋಗಿಯ ನಾಡಿ ಹಿಡಿದ ದಿನ, ಸಂತೆಯಿಂದ ಬಂದವರು ಬಾಯಿ ತೆರೆದು ನೋಡಿದರಂತೆ. ಆ ಸಂತೆಯಲ್ಲಿ ಒಬ್ಬರ ಕೈ ಇನ್ನೊಬ್ಬರು ಹಿಡಿಯುವುದು ವ್ಯಾಪಾರಕ್ಕೆ ಮಾತ್ರ. ಕೊಳ್ಳುವವನೂ ದಲ್ಲಾಳಿಯೂ ಕೈಗಳ ಮೇಲೆ ಶಲ್ಯ ಹಾಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು. ಪಕ್ಕದಲ್ಲಿ ನಿಂತವನಿಗೂ ತಿಳಿಯುತ್ತಿರಲಿಲ್ಲ. “ಸಾಹೇಬ್ರು ಹಾಡಹಗಲ ಶಲ್ಯ ಇಲ್ಲದ ವ್ಯಾಪಾರಕ್ಕ ಕುಂತಾರಲೇ, ನಾಚಿಕಿ ಇಲ್ಲೇನು” ಎಂದು ದ್ಯಾಮಪ್ಪ ನಗೆಯಾಡಿದ. ಜಗಲಿಯ ತುಂಬ ನಗು. ಡಾಕ್ಟರಿಗೆ ನಗುವಿನ ಕಾರಣ ತಿಳಿದದ್ದು ಆಮೇಲೆ, ಅವನೇ ಚಹಾ ಕುಡಿಯುತ್ತ ಬೆರಳಿನ ಲೆಕ್ಕವನ್ನು ಕಲಿಸಿದಾಗ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಅದು ಹತ್ತೋ ನೂರೋ ಎಂಬುದನ್ನು ಬೆರಳು ಹೇಳುವುದಿಲ್ಲ. ಎದುರಿಗೆ ನಿಂತ ಎತ್ತನ್ನು ನೋಡಿದವರಿಗೆ ಅದು ತಾನೇ ತಿಳಿದಿರುತ್ತದೆ. ಕೊನೆಯದಾಗಿ, ಶಲ್ಯ ಎತ್ತಿದ ಮೇಲೆ ಮಾತು ಮುಗಿಯಿತು. ಅದನ್ನು ಮುರಿದವನ ಕೈಯನ್ನು ಆ ಸಂತೆಯಲ್ಲಿ ಮತ್ತೆ ಯಾರೂ ಹಿಡಿಯುವುದಿಲ್ಲ. ಡಾಕ್ಟರು ಇದನ್ನೆಲ್ಲ ಆಟವೆಂದೇ ಕಲಿತರು.

ಕೆಲವು ವರ್ಷಗಳ ಮೇಲೆ ದ್ಯಾಮಪ್ಪನ ಕಾಲುಗಳು ಬಾತುಕೊಳ್ಳತೊಡಗಿದವು. ಸಂತೆಯ ಈ ತುದಿಯಿಂದ ಆ ತುದಿಗೆ ಕೂಗಿ ಬೆಲೆ ಕಟ್ಟುತ್ತಿದ್ದವನು ನಾಲ್ಕು ಮಾತಿಗೆ ಏದುಸಿರು ಬಿಡುವಂತಾದ. ಡಾಕ್ಟರು ಅವನನ್ನು ದೊಡ್ಡ ಊರಿನ ಆಸ್ಪತ್ರೆಗೂ ಕರೆದುಕೊಂಡು ಹೋಗಿ ತೋರಿಸಿದರು. ಗುಂಡಿಗೆ ಸೋತಿದೆ ಎಂದು ಅಲ್ಲಿಯವರೂ ಹೇಳಿದರು. ಹಿಂದಿರುಗಿದ ಮೇಲೆ ಒಂದು ದಿನ ಅವನು ಹೆಂಡತಿ ಫಕೀರವ್ವನೊಡನೆ ದವಾಖಾನೆಗೆ ಬಂದ. ಮನೆಯಲ್ಲಿ ಒಬ್ಬಳೇ ಮಗಳು, ಶಂಕ್ರವ್ವ, ಇನ್ನೂ ಚಿಕ್ಕವಳು. ಅವಳನ್ನು ಒಂದು ಮನೆ ಸೇರಿಸುವಷ್ಟು ಕಾಲ ತನಗೆ ಉಳಿದಿದೆಯೇ ಎಂಬುದೊಂದೇ ಅವನಿಗೆ ಬೇಕಿತ್ತು. ಅದನ್ನು ಫಕೀರವ್ವನ ಮುಂದೆ ಕೇಳುವ ಹಾಗಿರಲಿಲ್ಲ. ಅವಳು ಕುರ್ಚಿಯ ಹಿಂದೆಯೇ ನಿಂತಿದ್ದಳು, ಹೊರಗೆ ಹೋಗೆಂದರೂ ಹೋಗುವವಳಲ್ಲ. ಡಾಕ್ಟರು ನಾಡಿ ಹಿಡಿದರು. ದ್ಯಾಮಪ್ಪ ಹೆಗಲ ಮೇಲಿನ ಶಲ್ಯವನ್ನು ನಿಧಾನವಾಗಿ ಎಳೆದು ಇಬ್ಬರ ಕೈಗಳ ಮೇಲೂ ಹಾಸಿದ. ಆಮೇಲೆ ಗಟ್ಟಿಯಾಗಿ, ಈ ಸಲ ಬಿಳಿಜೋಳ ಹೇಗೆ ಬಂದಿದೆ ನೋಡಿದಿರಾ ಎಂದು ವಿಚಾರಿಸಿದ.

ಡಾಕ್ಟರಿಗೆ ಅರ್ಥವಾಯಿತು. ಜೋಳ ಚೆನ್ನಾಗಿದೆ ಎಂದರು. ಶಲ್ಯದ ಕೆಳಗೆ ಅವನ ಮೂರು ಬೆರಳುಗಳನ್ನು ಹಿಡಿದರು. ಅವರ ಮನಸ್ಸಿನಲ್ಲಿದ್ದುದು ಮೂರು ತಿಂಗಳು. ಅದೂ ಧಾರಾಳವಾಗಿ ಹೇಳಿದ್ದು. ದ್ಯಾಮಪ್ಪ ನಾಲ್ಕನೆಯ ಬೆರಳನ್ನು ಅವರ ಅಂಗೈಗೆ ತುರುಕಿ ನೋಡಿದ. ಅವರು ಅದನ್ನು ಮೆಲ್ಲಗೆ ಬಿಡಿಸಿ ಮತ್ತೆ ಮೂರನ್ನೇ ಒತ್ತಿದರು. ಅವನು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡುತ್ತಿದ್ದು, ಶಲ್ಯ ಎತ್ತಿ ಹೆಗಲಿಗೆ ಹಾಕಿಕೊಂಡ. “ಕುದುರಿತ್ರಿ” ಎಂದ. ಏನು ಕುದುರಿತು ಎಂದು ಫಕೀರವ್ವ ಕೇಳಿದ್ದಕ್ಕೆ, “ಜ್ವಾಳದ ಮಾತು” ಎಂದು ಎದ್ದ.

ಮುಂದಿನ ಮಂಗಳವಾರ ಡಾಕ್ಟರು ಜಗಲಿಯಿಂದ ನೋಡುತ್ತಾರೆ: ದ್ಯಾಮಪ್ಪ ಜೋಡಿ ಹೋರಿಗರುಗಳನ್ನು ಹಿಡಿದುಕೊಂಡು ಬರುತ್ತಿದ್ದಾನೆ. ಇನ್ನೂ ಹಾಲುಹಲ್ಲಿನ ಕರುಗಳು; ತಾಯಿಯ ವಾಸನೆ ಹೋಗಿರಲಿಲ್ಲ. ಇವು ಯಾರಿಗೆ ಎಂದು ಕೇಳಿದರೆ, ತನಗೇ ಎಂದ. ಸಾಕಿ ನೊಗಕ್ಕೆ ಪಳಗಿಸಿ, ಜೋಡಿಯಾಗಿ ಮಾರಿ, ಶಂಕ್ರವ್ವನ ಮದುವೆ ಮಾಡುವುದು. ಡಾಕ್ಟರು ಮೂರು ವರ್ಷ ಕೊಟ್ಟಿದ್ದಾರಲ್ಲ, ಲೆಕ್ಕ ಸರಿಹೋಗುತ್ತದೆ ಎಂದ. ಡಾಕ್ಟರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಅವರು ಅವನನ್ನು ಒಳಗೆ ಕರೆದು ಕೂರಿಸಿದರು. ಬಾಯಿಬಿಟ್ಟು ಹೇಳುವ ಬದಲು ಅವನ ಹೆಗಲಿನ ಶಲ್ಯಕ್ಕೇ ಕೈಹಾಕಿದರು. ದ್ಯಾಮಪ್ಪ ಶಲ್ಯವನ್ನು ಬಿಗಿಯಾಗಿ ಹಿಡಿದುಕೊಂಡ.

“ಸಾಹೇಬ್ರ, ಎತ್ತಿದ ಮ್ಯಾಲೆ ಮತ್ತ ಹಾಸೂದಿಲ್ಲರಿ. ನಾ ನಿಮಗ ಕಲಿಸಿಲ್ಲೇನು?”

ಅಂದಿನಿಂದ ಡಾಕ್ಟರು ತಮ್ಮ ಕೈ ಸುಳ್ಳಾಗದಂತೆ ನೋಡಿಕೊಳ್ಳಲು ಹೊರಟರು ಎನ್ನುತ್ತಾರೆ. ಬೆಳಿಗ್ಗೆ ಎದ್ದರೆ ಮೊದಲು ದ್ಯಾಮಪ್ಪನ ಮನೆ, ಆಮೇಲೆ ದವಾಖಾನೆ. ಅವನ ರೊಟ್ಟಿಯಿಂದ ಉಪ್ಪು ತೆಗೆಸಿದರು. ಉಪ್ಪಿನಕಾಯಿಯ ಭರಣಿಯನ್ನು ತಾವೇ ಹೊತ್ತು ತಂದು ತಮ್ಮ ಬೀರುವಿನಲ್ಲಿ ಇಟ್ಟುಕೊಂಡರು. ಸಪ್ಪೆ ತಿಂದು ಬದುಕುವುದಕ್ಕಿಂತ ದನ ಆಗುವುದು ಮೇಲು ಎಂದು ಅವನು ಬೈಯುತ್ತಿದ್ದ. ದನ ಆದರೆ ತಾವೇ ಒಳ್ಳೆಯ ಬೆಲೆಗೆ ಮಾರುವುದಾಗಿ ಡಾಕ್ಟರು ಹೇಳುತ್ತಿದ್ದರು. ಆ ಹೊತ್ತಿಗೆ ಅವರ ಕನ್ನಡವೂ ಊರಿನ ಕನ್ನಡವಾಗಿತ್ತು. ಹೊಸ ಔಷಧ ಎಲ್ಲಿ ಬಂದಿದೆಯೆಂದು ತಿಳಿದರೂ ಚಕ್ಕಡಿ ಗಾಡಿ ಕಟ್ಟಿಸಿಕೊಂಡು ಹೋಗಿ ತಂದರು. ಎರಡು ಸಲ ದ್ಯಾಮಪ್ಪನ ಮನೆಯಲ್ಲಿ ಅಳು ಎದ್ದಿತು. ಎರಡು ಸಲವೂ ಅವನು ಮತ್ತೆ ಉಸಿರೆಳೆದು, ಕರುಗಳಿಗೆ ನೀರು ಕುಡಿಸಿದಿರಾ ಎಂದು ಕೇಳಿದ. ಮೂರನೆಯ ವರ್ಷ ಜೋಡಿ ನೊಗಕ್ಕೆ ಬಂತು. ಸಂತೆಯಲ್ಲಿ ಶಲ್ಯದ ಕೆಳಗೆ ಅವನೇ ಬೆಲೆ ಮುಗಿಸಿದ. ಶಂಕ್ರವ್ವನ ಮೇಲೆ ಅಕ್ಕಿಕಾಳು ಬಿದ್ದವು. ಆ ಚಳಿಗಾಲ ಕಳೆಯುವ ಮುನ್ನ ದ್ಯಾಮಪ್ಪ ತೀರಿಕೊಂಡ. ಮೂರು ವರ್ಷಕ್ಕೆ ಸ್ವಲ್ಪ ಕಡಿಮೆ ಎನ್ನುವವರಿದ್ದಾರೆ, ಹೆಚ್ಚು ಎನ್ನುವವರೂ ಇದ್ದಾರೆ, ಡಾಕ್ಟರು ಎಣಿಸಲಿಲ್ಲವಂತೆ.

ಮಣ್ಣು ಮುಗಿದ ಮೇಲೆ ಫಕೀರವ್ವ ಆ ಶಲ್ಯವನ್ನು ಒಗೆದು, ಮಡಿಸಿ, ದವಾಖಾನೆಗೆ ತಂದಳು. ಡಾಕ್ಟರು ತಾವು ಹೇಳಿದ್ದು ವರ್ಷವಲ್ಲ, ತಿಂಗಳು ಎಂದು ಹೇಳಲು ಬಾಯಿ ತೆರೆದರು. ಅವಳು ಕೈ ಅಡ್ಡ ಹಿಡಿದಳು.

“ಅವರಿಗೆ ಗೊತ್ತಿತ್ರಿ. ಮಗಳ ಮದುವಿ ದಿನ ನನ್ನ ಮುಂದ ಹೇಳಿದ್ರು. ಎತ್ತಿನ ಹಲ್ಲು ನೋಡಿದವನಿಗೆ ಡಾಕ್ಟರ ಮುಖ ನೋಡಾಕ ಬರೂದಿಲ್ಲೇನು ಅಂದ್ರು. ಆದ್ರ ಬೆರಳಿನ್ಯಾಗ ತಿಂಗಳೂ ಇರೂದಿಲ್ಲ, ವರ್ಷಾನೂ ಇರೂದಿಲ್ಲ. ನಾ ವರ್ಷ ಅಂತ ಹಿಡಕೊಂಡೆ, ಅಂದ್ರು.”

ಡಾಕ್ಟರು ಶಲ್ಯವನ್ನು ಕೈಗೆ ತೆಗೆದುಕೊಂಡರು. ಆಮೇಲೆ ಎದ್ದು ಗೋಡೆಗೆ ಒಂದು ಮೊಳೆ ಹೊಡೆದರು.

ಆ ಮೊಳೆ ಅದೇ. ಶಲ್ಯ ಮಾತ್ರ ಹರಿದಾಗಲೆಲ್ಲ ಬದಲಾಗಿದೆ. ಶಂಕ್ರವ್ವನ ಮನೆತನದವರು ಹೊಸದನ್ನು ತಂದುಕೊಡುತ್ತಾರೆ. ಈಗ ಅಲ್ಲಿ ಇಬ್ಬರು ಡಾಕ್ಟರಮ್ಮಂದಿರಿದ್ದಾರೆ. ಗೋಡೆಯ ಮೇಲೆ ಹೊಸ ಯಂತ್ರಗಳ ತಂತಿಗಳೂ ಇವೆ. ಆದರೂ ಮಂಗಳವಾರ ಅಲ್ಲಿಗೆ ಹೋದವರು ಒಮ್ಮೊಮ್ಮೆ ಇದನ್ನು ನೋಡಬಹುದು: ಒಬ್ಬ ರೋಗಿ ತಾನಾಗಿ ಎದ್ದು ಶಲ್ಯವನ್ನು ಮೊಳೆಯಿಂದ ತೆಗೆದುಕೊಂಡು ಬಂದು ಕೂರುತ್ತಾನೆ. ಹಿಂದೆ ಮನೆಯವರು ನಿಂತಿರುತ್ತಾರೆ. ಶಲ್ಯದ ಮೇಲೆ ಮಳೆಯ ಮಾತು, ಜೋಳದ ಮಾತು ನಡೆದಿರುತ್ತದೆ. ಶಲ್ಯದ ಕೆಳಗೆ ಡಾಕ್ಟರಮ್ಮ ಒಂದಿಷ್ಟು ಬೆರಳು ಹಿಡಿಯುತ್ತಾರೆ. ಅದು ಯಾವ ಲೆಕ್ಕವೆಂದು ಅವರು ಹೇಳುವುದಿಲ್ಲ, ಕುಳಿತವನೂ ಕೇಳುವುದಿಲ್ಲ.