ಚಕ್ರದ ಮುಂದಿನ ನಿಂಬೆಹಣ್ಣು

ವಾಮನಮೂರ್ತಿಗಳ ಮನೆಯ ಶೆಡ್ಡಿನಲ್ಲಿ ವರ್ಷಗಳಿಂದ ರಿಪೇರಿಯಾಗುತ್ತಲೇ ಇದ್ದ ಹಳೆಯ ಅಮೆರಿಕನ್ ಕಾರಿಗೆ ಆ ವರ್ಷವೂ ಆಯುಧಪೂಜೆ ನಡೆಯಿತು. ಬಣ್ಣ ಫಳಫಳ ಹೊಳೆಯುತ್ತಿತ್ತು. ಬಿಚ್ಚಿಟ್ಟ ಎಂಜಿನ್ ಮಾತ್ರ ಮೂಲೆಯಲ್ಲೇ ಇತ್ತು.

ಚಕ್ರದ ಮುಂದಿಟ್ಟ ನಿಂಬೆಹಣ್ಣು, "ಹೊರಡಣ್ಣ, ನೀನು ನನ್ನ ಮೇಲೆ ಹರಿದರೆ ತಾನೇ ದೃಷ್ಟಿ ಕಳೆಯುವುದು?" ಎಂದಿತು.

"ಸ್ವಲ್ಪ ತಡಿ ತಮ್ಮಾ, ಈ ಸಲ ಯಜಮಾನರು ಎಂಜಿನ್ ಕೂರಿಸುತ್ತಾರೆ," ಎಂದಿತು ಕಾರು.

"ಹೋದ ವರ್ಷದ ನಿಂಬೆಹಣ್ಣಿಗೂ ಹೀಗೇ ಹೇಳಿದ್ದೆಯಾ?"

"ಹೇಳಿದ್ದೆ. ಪಾಪ, ಕಾದು ಕಾದು ಒಣಗಿಹೋಯಿತು."

ಅಷ್ಟರಲ್ಲಿ ಯಜಮಾನರು ದೊಡ್ಡ ಸ್ಪ್ಯಾನರ್ ಹಿಡಿದು ಬಂದರು. ಕಾರಿಗೆ ಜೀವ ಬಂದಂತಾಯಿತು. ಅವರು ಬಗ್ಗಿ, ಸ್ಪ್ಯಾನರಿನಿಂದ ನಿಂಬೆಹಣ್ಣನ್ನು ಜಜ್ಜಿ, "ಶಾಸ್ತ್ರ ಮುಗಿಯಿತು," ಎಂದು ಬಾಗಿಲು ಹಾಕಿಕೊಂಡು ಹೋದರು.

ತಾನು ಓಡಿಯೇ ಆಗಬೇಕಿದ್ದ ಒಂದೇ ಒಂದು ಕೆಲಸವೂ ತಾನಿಲ್ಲದೆ ಆಗಿಹೋಯಿತೆಂದು ಕಾರಿಗೆ ಗೊತ್ತಾಯಿತು.