ಎರಡು ದಡಗಳ ಹೊಗೆ

"ಗುರುಗಳೇ, ನೆರೆಯವನು ನಮಗಿಂತ ಜೋರಾಗಿ ಬೆಳೆಯುತ್ತಿರುವಾಗ ನಾವು ಏನು ಮಾಡಬೇಕು?"

ಕೇಳಿದವನು ಪ್ರಭಂಜನ. ಸರ್ಕಾರದ ವಿದೇಶಾಂಗ ಖಾತೆಯಲ್ಲಿ ಅರ್ಧ ಆಯುಷ್ಯ ಕಳೆದವನು. ರಜೆ ಸಿಕ್ಕಾಗಲೆಲ್ಲ ಗುರುಗಳ ಬಳಿ ಬಂದು ಕೂರುತ್ತಿದ್ದ. ಏಷ್ಯಾದಲ್ಲಿ ಈಗ ಮೇಲೇಳುತ್ತಿರುವ ದೇಶಗಳು ಹಲವು, ಅವುಗಳಲ್ಲಿ ನಮ್ಮದೂ ಒಂದು, ಪಕ್ಕದವರದೂ ಒಂದು ಎಂದು ಅವನು ವಿವರಿಸಿದ. ಅವರ ಬಂದರುಗಳು ನಮ್ಮವಕ್ಕಿಂತ ದೊಡ್ಡವು. ನಮ್ಮಲ್ಲಿ ಹರೆಯದವರು ಹೆಚ್ಚು, ಅವರಲ್ಲಿ ದಿನದಿನಕ್ಕೆ ವಯಸ್ಸಾದವರು ಹೆಚ್ಚುತ್ತಿದ್ದಾರೆ. ಹಾಗಿದ್ದರೂ ವರ್ಷದ ಅಂಕಿಅಂಶ ಬಂದಾಗ ಮುಂದಿರುವವರು ಅವರೇ. ಗಡಿಯಲ್ಲಿ ನಾವೊಂದು ತುಕಡಿ ಇಟ್ಟರೆ ಅವರು ಎರಡು ತಂದು ನಿಲ್ಲಿಸುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಅವನ ಮುಖ ಕೆಂಪಾಗಿತ್ತು.

"ಆ ಅಂಕಿ ನೋಡಿದ ದಿನ ನಿನಗೆ ಊಟ ಸೇರುತ್ತದೆಯೇ?" ಎಂದು ಗುರುಗಳು ಕೇಳಿದರು.

"ಇಲ್ಲ."

"ಹಾಗಾದರೆ ನಿನಗೆ ಒಬ್ಬ ಕುಂಬಾರನ ಕತೆ ಹೇಳಬೇಕು. ಅವನಿಗೂ ಊಟ ಸೇರುತ್ತಿರಲಿಲ್ಲ." ಗುರುಗಳು ಕಾಲು ಮಡಚಿ ಸರಿಯಾಗಿ ಕುಳಿತರು.

ಒಂದು ಹೊಳೆಯ ಎರಡು ದಡಗಳಲ್ಲಿ ಎರಡು ಕುಂಬಾರರ ಊರುಗಳಿದ್ದವು. ಮೂಡಣ ದಡದ ಯಜಮಾನ ಮಾಳಿಂಗಯ್ಯ. ಪಡುವಣ ದಡದ ಯಜಮಾನ ಅವನ ಭಾವ, ಅಂದರೆ ಅಕ್ಕ ಹೊಳೆವ್ವನ ಗಂಡ. ಇದರಲ್ಲಿ ವಿಶೇಷವೇನೂ ಇಲ್ಲ. ಒಂದು ದಡದವರೆಲ್ಲ ಒಂದೇ ಬೆಡಗಿನವರು, ಲೆಕ್ಕದಲ್ಲಿ ಅಣ್ಣತಮ್ಮಂದಿರು. ತಮ್ಮತಮ್ಮಲ್ಲಿ ಮದುವೆ ಮಾಡಿಕೊಳ್ಳುವಂತಿಲ್ಲ. ಆದ್ದರಿಂದ ಈ ದಡದ ಹೆಣ್ಣು ಆ ದಡಕ್ಕೆ, ಆ ದಡದ ಹೆಣ್ಣು ಈ ದಡಕ್ಕೆ. ಯಾವ ಮನೆಯ ತೊಟ್ಟಿಲು ತೂಗಿದರೂ ಅದನ್ನು ತೂಗುವವಳು ಹೊಳೆ ದಾಟಿ ಬಂದವಳೇ ಆಗಿರುತ್ತಿದ್ದಳು.

ಸಂಬಂಧ ಕೂಡಿಸುವುದಕ್ಕೆ ಅವರದೇ ಒಂದು ಪದ್ಧತಿ ಇತ್ತು. ಹೆಣ್ಣಿನವರು ಇನ್ನೂ ಸುಡದ ಹಸಿ ಗಡಿಗೆಯೊಂದನ್ನು ಗಂಡಿನವರಿಗೆ ಕಳಿಸಬೇಕು. ಗಂಡಿನವರು ಅದನ್ನು ತಮ್ಮ ಊರಿನ ಆವಿಗೆಯಲ್ಲಿ, ಎಂದರೆ ಗಡಿಗೆ ಸುಡುವ ಗೂಡಿನಲ್ಲಿ, ಸುಟ್ಟು ಮರುದಿನ ಸಂಜೆಯೊಳಗೆ ವಾಪಸು ಕಳಿಸಿದರೆ ಒಪ್ಪಿಗೆ. ಗಡಿಗೆ ಬಾರದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಅದೇ ಮನೆಗೆ ಎರಡನೇ ಗಡಿಗೆ ಕಳಿಸುವ ರೂಢಿ ಇರಲಿಲ್ಲ.

ಹೊಳೆಯಲ್ಲಿ ಓಡಾಡುವ ವ್ಯಾಪಾರದ ದೋಣಿಗಳು ಹೊಗೆ ನೋಡಿ ದಡಕ್ಕೆ ಬರುತ್ತಿದ್ದವು. ಹೊಗೆ ಎದ್ದಿದೆ ಎಂದರೆ ಹೊಸ ಗಡಿಗೆ ಸಿದ್ಧವಾಗುತ್ತಿದೆ ಎಂದು ಅರ್ಥ. ಆಚೆ ಹೊಗೆ ಕಂಡರೆ ಈಚೆಯ ಮಕ್ಕಳು ಸೋದರಮಾವನ ಮನೆಯಲ್ಲಿ ಆವಿಗೆ ಹಚ್ಚಿದರು ಎಂದು ಹೇಳಿಕೊಂಡು ಕುಣಿಯುತ್ತಿದ್ದರು. ಅಷ್ಟೇ ಇತ್ತು ಆ ಹೊಗೆಯ ಮಹಿಮೆ.

ಪಡುವಣದಲ್ಲಿ ಮುದುಕರು ಹೆಚ್ಚು, ಮಕ್ಕಳು ಕಡಿಮೆ. ಮೂಡಣದಲ್ಲಿ ಯಾವ ಅಂಗಳಕ್ಕೆ ಇಣುಕಿದರೂ ಹುಡುಗರ ಗದ್ದಲ. ಇದು ಮಾಳಿಂಗಯ್ಯನಿಗೆ ದೊಡ್ಡ ಹೆಮ್ಮೆಯ ವಿಷಯ. ಇನ್ನು ಕೆಲವೇ ವರ್ಷ, ಆಮೇಲೆ ಆ ದಡದಲ್ಲಿ ತಿಗರಿ ತಿರುಗಿಸಿ ಗಡಿಗೆ ಮಾಡುವ ಕೈಗಳೇ ಇರುವುದಿಲ್ಲ, ಎಲ್ಲ ವ್ಯಾಪಾರ ನಮ್ಮದೇ ಎಂದು ಅವನು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ.

ಆದರೆ ಕೈ ಕಡಿಮೆ ಇದ್ದವರು ಕೈಕಟ್ಟಿ ಕೂರಲಿಲ್ಲ. ಭಾವ ಒಂದು ದೊಡ್ಡ ಆವಿಗೆ ಕಟ್ಟಿಸಿದ. ಮೂಡಣದ ಯಾವ ಆವಿಗೆಯೂ ಅದರ ಅರ್ಧಕ್ಕೆ ಬರುತ್ತಿರಲಿಲ್ಲ. ಕೆಲವೇ ಮುದುಕರು ಸೇರಿ ಅದನ್ನು ಹೊತ್ತಿಸಿದಾಗ ಹೊಗೆ ಗುಡ್ಡದ ನೆತ್ತಿಯನ್ನು ದಾಟಿತು. ದೋಣಿಗಳು ಪಡುವಣಕ್ಕೆ ತಿರುಗಿದವು.

ಆ ಮಧ್ಯಾಹ್ನ ಮಾಳಿಂಗಯ್ಯನಿಗೆ ರೊಟ್ಟಿ ಸೇರಲಿಲ್ಲ. ಆ ವರ್ಷ ಅವನ ಊರಿನ ಗಡಿಗೆಗಳು ಹಿಂದಿನ ವರ್ಷಕ್ಕಿಂತ ಹೆಚ್ಚೇ ಮಾರಾಟವಾಗಿದ್ದವು. ಮಾಡಿಗೆ ಹೊಸ ಹಂಚು ಬಂದಿತ್ತು, ಮಕ್ಕಳ ಮೈಮೇಲೆ ಹೊಸ ಅಂಗಿ ಬಂದಿತ್ತು. ಅವನ ಕಣ್ಣಿಗೆ ಅದೊಂದೂ ಬೀಳಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅವನು ಹೊಳೆಯ ಆಚೆ ನೋಡುತ್ತಿದ್ದ. ಹೊಗೆ ಕಂಡರೆ ಆ ದಿನ ಹಾಳು. ಕಾಣದಿದ್ದರೆ ಎದೆಗೆ ತಂಪು.

ಒಂದು ದಿನ ಪಡುವಣದಲ್ಲಿ ಹೊಗೆ ಜೋರಾಗಿ ಎದ್ದಿತ್ತು. ಮೂಡಣದಲ್ಲಿ ಸುಡಲು ಒಣಗಿದ ಗಡಿಗೆ ಇರಲಿಲ್ಲ. ಮಾಳಿಂಗಯ್ಯ ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿದ. ಆಮೇಲೆ ಖಾಲಿ ಆವಿಗೆಗೆ ಸೌದೆ ಹಾಕಿಸಿ ಬೆಂಕಿ ಕೊಡಿಸಿದ.

"ನೀನು ನಗುತ್ತಿದ್ದೀಯ," ಎಂದರು ಗುರುಗಳು. "ನಗು. ನಗಲಿಕ್ಕೆ ಇನ್ನೂ ಸಮಯವಿದೆ."

ಹೊಗೆ ಚೆನ್ನಾಗಿಯೇ ಎದ್ದಿತು. ದೋಣಿಯೊಂದು ತಿರುಗಿ ಬಂದಿತು. ದೋಣಿಯವನು ಗಡಿಗೆ ಎಲ್ಲಿ ಎಂದು ಕೇಳಿದ. ನಾಳೆ ಬಾ ಎಂದರು. ಅವನು ಮುಖ ಸಿಂಡರಿಸಿಕೊಂಡು ಹೋದ. ಮಾಳಿಂಗಯ್ಯನಿಗೆ ಅದರ ಚಿಂತೆ ಇರಲಿಲ್ಲ. ಆಚೆ ದಡದಲ್ಲಿ ಭಾವ ಎದ್ದು ನಿಂತು ಈ ಕಡೆ ನೋಡುತ್ತಿದ್ದುದನ್ನು ಅವನು ಕಂಡಿದ್ದ. ಆ ದಿನ ಅವನು ಹೊಟ್ಟೆ ತುಂಬ ಉಂಡ.

ಮರುದಿನ ಪಡುವಣದ ಹೊಗೆ ಇನ್ನೂ ದಪ್ಪವಾಗಿತ್ತು.

ಹೊಳೆಯ ನಡುವೆ ಒಂದು ನಡುಗಡ್ಡೆ ಇತ್ತು. ಅಲ್ಲಿಯ ಜೇಡಿಮಣ್ಣು ಬೆಣ್ಣೆಯಂಥದು. ಎರಡೂ ದಡದವರು ಅಜ್ಜನ ಕಾಲದಿಂದ ಅಲ್ಲಿಂದಲೇ ಮಣ್ಣು ತರುತ್ತಿದ್ದರು. ಇಷ್ಟು ಹೊಗೆ ಎಬ್ಬಿಸುವವರು ಇಡೀ ನಡುಗಡ್ಡೆಯನ್ನೇ ಹೊತ್ತುಕೊಂಡು ಹೋಗುತ್ತಾರೆ ಎಂದು ಮಾಳಿಂಗಯ್ಯನಿಗೆ ಅನಿಸಿತು. ಊರಲ್ಲಿ ಹುಡುಗರಿಗೇನು ಬರವೇ? ತಿಗರಿಯ ಮುಂದಿದ್ದ ಕೆಲವರನ್ನು ಎಬ್ಬಿಸಿ ಕೈಗೆ ದೊಣ್ಣೆ ಕೊಟ್ಟು ಅಲ್ಲಿ ಕಾವಲಿಗೆ ಕೂರಿಸಿದ. ಅವರಲ್ಲಿ ಅವನ ಮಗ ಹಾಲಪ್ಪನೂ ಇದ್ದ.

"ಸರಿಯಾದ ಕ್ರಮವೇ," ಎಂದ ಪ್ರಭಂಜನ.

"ಭಾವನೂ ಅದನ್ನೇ ಅಂದುಕೊಂಡ," ಎಂದರು ಗುರುಗಳು. "ನಡುಗಡ್ಡೆಯ ಇನ್ನೊಂದು ತುದಿಗೆ ಅವನೂ ತನ್ನ ಕಡೆಯವರನ್ನು ಕೂರಿಸಿದ."

ಇವರು ಜನ ಹೆಚ್ಚಿಸಿದರು. ಅವರೂ ಹೆಚ್ಚಿಸಿದರು. ಕಾಯುವವರ ಕಾಲ್ತುಳಿತಕ್ಕೆ ಜೇಡಿಮಣ್ಣು ಗಟ್ಟಿಯಾಯಿತು. ಅಗೆಯಲು ಯಾರು ಸಲಿಕೆ ಎತ್ತಿದರೂ ಆ ತುದಿಯವರು ಕೂಗುತ್ತಿದ್ದರು, ಆದ್ದರಿಂದ ಯಾರೂ ಅಗೆಯಲಿಲ್ಲ. ತಿಗರಿಗಳು ನಿಂತವು. ಹೊಳೆಯ ಮೇಲೆ ಕಾವಲು ಬಿದ್ದ ಮೇಲೆ ಸಂಬಂಧ ಕೇಳಲು ಹೊಳೆ ದಾಟುವವರು ಯಾರು? ಹಸಿ ಗಡಿಗೆ ಅತ್ತಿಂದ ಇತ್ತ ಬರಲಿಲ್ಲ, ಇತ್ತಿಂದ ಅತ್ತ ಹೋಗಲಿಲ್ಲ. ಎರಡೂ ಊರುಗಳಲ್ಲಿ ತೊಟ್ಟಿಲುಗಳನ್ನು ಅಟ್ಟಕ್ಕೆ ಏರಿಸಿದರು. ಎರಡೂ ಊರುಗಳ ಹೊಗೆ ಮಾತ್ರ ಹಿಂದೆಂದೂ ಕಾಣದಷ್ಟು ಎತ್ತರಕ್ಕೆ ಏರಿತ್ತು.

ವ್ಯಾಪಾರದ ದೋಣಿಗಳು ಸ್ವಲ್ಪ ಕಾಲ ಮೋಸ ಹೋದವು. ಆಮೇಲೆ ಆ ಹೊಗೆಯನ್ನು ಬಲಕ್ಕೂ ಎಡಕ್ಕೂ ಬಿಟ್ಟು, ನಡುವೆ ಹಾದು ಕೆಳಗಿನ ಊರುಗಳಿಗೆ ಹೋಗತೊಡಗಿದವು.

ಒಂದು ಸಲ ಹಾಲಪ್ಪ ತಂದೆಯನ್ನು ಕೇಳಿದ: "ಅಪ್ಪಾ, ಈ ಕಾವಲು ಎಲ್ಲೀತನಕ?"

"ಅವರು ಎದ್ದು ಹೋಗೂತನಕ," ಎಂದ ಮಾಳಿಂಗಯ್ಯ.

ಹಾಲಪ್ಪನ ಗಡ್ಡದಲ್ಲಿ ಆಗಲೇ ಬಿಳಿ ಕೂದಲು ಇಣುಕಿತ್ತು. ತಂದೆ ಅದನ್ನು ನೋಡಲಿಲ್ಲ. ಅವನು ಮಗನ ಭುಜದ ಮೇಲಿಂದ ಆಚೆ ದಡವನ್ನು ನೋಡುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಹೊಳೆವ್ವ ತಾನೇ ಹುಟ್ಟು ಹಾಕಿಕೊಂಡು ಹೊಳೆ ದಾಟಿ ಬಂದಳು. ಕಾವಲಿನವರು ಅವಳನ್ನು ತಡೆಯಲಿಲ್ಲ. ಒಂದು ತುದಿಯಲ್ಲಿದ್ದವರಿಗೆ ಅವಳು ಯಜಮಾನನ ಹೆಂಡತಿ, ಇನ್ನೊಂದು ತುದಿಯಲ್ಲಿದ್ದ ಹಾಲಪ್ಪನಿಗೆ ಸೋದರತ್ತೆ. ಅವಳ ಮಡಿಲಲ್ಲಿ ಬಟ್ಟೆ ಸುತ್ತಿದ ಹಸಿ ಗಡಿಗೆ ಇತ್ತು. ಅದನ್ನು ತಮ್ಮನ ಮುಂದೆ ಮೆಲ್ಲಗೆ ಇಳಿಸಿದಳು.

"ಮಾಳಿಂಗಾ, ನನ್ನ ಮಗಳು ನೀಲವ್ವಗ ವಯಸ್ಸು ಮೀರಾಕತ್ತೈತಿ. ನಿನ್ನ ಮಗನ ಗಡ್ಡ ನರೀತಾ ಬಂತು. ಇಬ್ಬರನ್ನ ಕೂಡಿಸಿದ್ರ ಎರಡೂ ಊರಿಗೆ ಹಾದಿ ತೆರೀತೈತಿ. ನಾವಿಬ್ಬರು ಮುಂದ ಹೋದ್ರ ಉಳಿದವರೂ ಬರತಾರ."

"ನಿಮ್ಮದು ದೊಡ್ಡ ಆವಿಗಿ. ದಿನಾ ಉರೀತೈತಿ," ಎಂದ ಮಾಳಿಂಗಯ್ಯ. "ನಮ್ಮಂಥವರ ಸಂಬಂಧ ನಿಮಗ್ಯಾಕ?"

ಹೊಳೆವ್ವ ನಕ್ಕಳು. "ಅದರಾಗ ಗಡಿಗಿ ಇಟ್ಟು ಯಾವ ಕಾಲ ಆತೋ. ನಿನ್ನ ಹೊಗಿ ನೋಡಿ ನಿಮ್ಮ ಭಾವ ಬರೇ ಕಟಗಿ ಸುಡತಾನ."

ಇದನ್ನು ಕೇಳಿ ಮಾಳಿಂಗಯ್ಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಷ್ಟು ವರ್ಷ ತನ್ನ ನಿದ್ದೆ ಕೆಡಿಸಿದ ಆ ಆವಿಗೆಯೊಳಗೆ ಏನೂ ಇರಲಿಲ್ಲ. ಅಕ್ಕನ ಕೆನ್ನೆ ಬತ್ತಿದೆ, ಸೀರೆಗೆ ತೇಪೆ ಬಿದ್ದಿದೆ ಎಂಬುದು ಅವನಿಗೆ ಆಗ ಕಂಡಿತು. ಅದನ್ನು ಕಂಡು ಮರುಗುವುದಕ್ಕೆ ಬದಲು ಅವನು ಒಳಗೊಳಗೇ ಹಿಗ್ಗಿದ. ಆ ಹಿಗ್ಗು ಬಹಳ ಹೊತ್ತು ನಿಲ್ಲಲಿಲ್ಲ. ಸೌದೆ ಕಡಿದು ಕಡಿದು ತನ್ನ ಕಡೆಯ ಗುಡ್ಡ ಬೋಳಾಗಿದೆ. ಭಾವನಿಗೆ ಮಾತ್ರ ಇಷ್ಟು ವರ್ಷ ಬರಿದೇ ಸುಡುವಷ್ಟು ಸೌದೆ ಎಲ್ಲಿಂದ ಬಂತು? ಈ ಪ್ರಶ್ನೆ ಮುಳ್ಳಿನ ಹಾಗೆ ಚುಚ್ಚಿತು.

ಹೊಳೆವ್ವ ಹೊರಡುವ ಮುನ್ನ ಹೇಳಿದಳು: "ಗಡಿಗಿ ತೆಳುವೈತಿ. ಸಣ್ಣ ಉರಿಯಾಗ ಸುಡು. ನಾಳಿ ನಿಮ್ಮ ಭಾವ ದಂಡಿ ಮ್ಯಾಲೆ ಕುಂತು ನಿನ್ನ ಹೊಗಿ ನೋಡ್ತಿರತಾನ."

ಮಗಳ ಮದುವೆಗಾಗಿ ಕಾದು ಕುಳಿತಿರುತ್ತಾನೆ ಎಂದು ಅವಳು ಹೇಳಿದ್ದು. ತನ್ನ ಹೊಗೆಯನ್ನು ಅಳೆಯಲು ಕುಳಿತಿರುತ್ತಾನೆ ಎಂದು ಮಾಳಿಂಗಯ್ಯ ತಿಳಿದ.

ಮರುದಿನ ಬೆಳಿಗ್ಗೆ ಅವನು ಹಸಿ ಗಡಿಗೆಯನ್ನು ಆವಿಗೆಯಲ್ಲಿಟ್ಟ. ಸುತ್ತ ಹೊಟ್ಟು, ಬೆರಣಿ ಒಟ್ಟಿ ಸಣ್ಣ ಬೆಂಕಿ ಹಾಕಿದ. ಅದು ಅವನು ಚಿಕ್ಕಂದಿನಿಂದ ಬಲ್ಲ ಕೆಲಸ, ಕಣ್ಣು ಮುಚ್ಚಿಕೊಂಡು ಮಾಡಬಲ್ಲ. ಹಾಲಪ್ಪ ಕಾವಲು ಬಿಟ್ಟು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಬಹಳ ದಿನದ ಮೇಲೆ ಅವನು ಗಡ್ಡ ಬೋಳಿಸಿದ್ದ.

ಆವಿಗೆಯಿಂದ ನೂಲಿನಷ್ಟು ತೆಳ್ಳಗೆ ಹೊಗೆ ಎದ್ದಿತು.

ಮಾಳಿಂಗಯ್ಯ ಆಚೆ ನೋಡಿದ. ಭಾವ ದಡದಲ್ಲಿ ಕುಳಿತಿದ್ದ, ಹಣೆಗೆ ಕೈ ಅಡ್ಡ ಹಿಡಿದು ಇತ್ತಲೇ ನೋಡುತ್ತಿದ್ದ. ಅವನ ಹಿಂದಿದ್ದ ದೊಡ್ಡ ಆವಿಗೆಯಲ್ಲಿ ಆ ದಿನ ಬೆಂಕಿ ಇರಲಿಲ್ಲ. ಪಡುವಣದ ಆಕಾಶ ಬರಿದಾಗಿತ್ತು. ಎಷ್ಟೋ ವರ್ಷಗಳಲ್ಲಿ ಅದೇ ಮೊದಲ ಸಲ.

ನಮಗಾಗಿ ಬೆಂಕಿ ನಿಲ್ಲಿಸಿ ಕುಳಿತಿದ್ದಾನೆ ಎಂದು ಮಾಳಿಂಗಯ್ಯನಿಗೆ ಹೊಳೆಯಲಿಲ್ಲ. ಅವನಿಗೆ ಹೊಳೆದದ್ದು ಬೇರೆ. ಇವತ್ತು ನಾನು ಮುಂದಿದ್ದೇನೆ. ಮುಂದಿರುವ ದಿನವೇ ನನ್ನ ಹೊಗೆ ಇಷ್ಟು ಬಡಕಲಾಗಿ ಕಂಡರೆ ಅವನು ಒಳಗೊಳಗೆ ನಗುವುದಿಲ್ಲವೇ?

ಅವನು ಎದ್ದು ಮನೆಯೊಳಗೆ ಹೋದ. ಉಳಿದಿದ್ದ ಸೌದೆಯನ್ನೆಲ್ಲ ತಂದ. ಸಾಲದೆ ಅಟ್ಟ ಹತ್ತಿ ಹಳೆಯ ತೊಟ್ಟಿಲನ್ನು ಇಳಿಸಿ ಮುರಿದು ತಂದ. ಹಾಲಪ್ಪ ಬೇಡ ಅಪ್ಪಾ ಎಂದ. ಮಾಳಿಂಗಯ್ಯ ಎಲ್ಲವನ್ನೂ ಆವಿಗೆಗೆ ತುಂಬಿದ. ಬೆಂಕಿ ಭುಗಿಲೆದ್ದಿತು. ಹೊಗೆ ಗುಡ್ಡದ ನೆತ್ತಿ ದಾಟಿ ಹೋಯಿತು. ಆಚೆ ಭಾವ ಎದ್ದು ನಿಂತ. ಮಾಳಿಂಗಯ್ಯನ ಎದೆ ಉಬ್ಬಿತು.

ಆಗ ಆವಿಗೆಯೊಳಗೆ ಟಪ್ ಎಂದು ಸದ್ದಾಯಿತು.

ಕುಂಬಾರರ ಮನೆಯಲ್ಲಿ ಹುಟ್ಟಿದವರಿಗೆ ಆ ಸದ್ದು ಏನೆಂದು ಹೇಳಿಕೊಡಬೇಕಾಗಿಲ್ಲ. ಹಾಲಪ್ಪ ಆವಿಗೆ ಆರುವುದನ್ನು ಕಾಯಲಿಲ್ಲ. ದೊಣ್ಣೆಯನ್ನು ತಂದೆಯ ಕಾಲಬಳಿ ಇಟ್ಟು, ದೋಣಿ ಬಿಚ್ಚಿ, ಹೊಳೆ ಹರಿಯುವ ದಿಕ್ಕಿಗೆ ಹೊರಟುಹೋದ.

ಆಚೆ ದಡದಲ್ಲಿ ಭಾವ ಸಂಜೆಯವರೆಗೆ ಕಾದ. ಗಡಿಗೆ ಬರಲಿಲ್ಲ. ಅವನು ಧೂಳು ಕೊಡವಿಕೊಂಡು ಎದ್ದು ಮನೆಗೆ ಹೋದ. ಮರುದಿನ ಬೆಳಿಗ್ಗೆ ಅವನ ದೊಡ್ಡ ಆವಿಗೆಯಿಂದ ಕಪ್ಪು ಹೊಗೆ ಎದ್ದಿತು. ಅದನ್ನು ಕಂಡ ಮಾಳಿಂಗಯ್ಯ ತನ್ನ ಮನೆಯ ಜಂತಿ ಕೀಳಲು ಹೋದ.

ಹಾಲಪ್ಪನ ಹಿಂದೆ ನಡುಗಡ್ಡೆಯ ಹುಡುಗರೆಲ್ಲ ಒಬ್ಬೊಬ್ಬರಾಗಿ ಹೋದರು, ಈ ತುದಿಯವರೂ, ಆ ತುದಿಯವರೂ. ಮುದುಕರು ಉಳಿದರು. ದಿನಾ ಬೆಳಿಗ್ಗೆ ಎರಡೂ ದಡದಲ್ಲಿ ಅವರು ಎದ್ದು, ಮೊದಲು ಆಚೆ ನೋಡಿ, ಆಮೇಲೆ ಬೆಂಕಿ ಹಚ್ಚುತ್ತಿದ್ದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕತೆ ಮುಂದುವರಿಯುವ ಲಕ್ಷಣ ಕಾಣಲಿಲ್ಲ. ಪ್ರಭಂಜನನಿಗೆ ಒಂದು ಸಂಗತಿ ತಿಳಿಯದೆ ಏಳಲು ಮನಸ್ಸಾಗಲಿಲ್ಲ.

"ಗುರುಗಳೇ, ಕೊನೆಗೆ ಯಾವ ದಡದ ಹೊಗೆ ಮೊದಲು ನಿಂತಿತು?"

"ಅದನ್ನು ನೋಡಿ ಹೇಳಲು ಎರಡೂ ದಡದಲ್ಲಿ ಒಂದು ಮಗುವೂ ಉಳಿದಿರಲಿಲ್ಲ," ಎಂದರು ಗುರುಗಳು.