ಸೋಲಾರಿಗಾಗಿ ಹೂಡಿದ ಒಲೆ

ದರ್ಜಿ ಅಡಿವೆಪ್ಪ ಸುಳ್ಳಾಡಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿಯೇ ಅವನು ಹೊಲಿಗೆ ಯಂತ್ರದ ಮುಂದೆ ಕೂಡುತ್ತಿದ್ದ. ಅಂಗಿ ನಾಳೆಗೆ ಆಗದಿದ್ದರೆ ಆಗುವುದಿಲ್ಲ ಎಂದೇ ಹೇಳಿಬಿಡುತ್ತಿದ್ದ.

"ದರ್ಜಿಯಾಗಿ ಖರೇ ಮಾತಾಡ್ತಿ. ನಿನ್ನ ಅಂಗಡಿ ಹ್ಯಾಂಗ ನಡೀಬೇಕೋ ಮಾರಾಯಾ?" ಎಂದು ಗಿರಾಕಿಗಳು ನಗುತ್ತಿದ್ದರು.

ಅವನ ತಮ್ಮ ಚನ್ನಬಸಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಅಣ್ಣತಮ್ಮಂದಿರದು ಒಂದೇ ಮನೆ, ಒಂದೇ ಒಲೆ. ಅಣ್ಣನ ಹೆಂಡತಿ ಕಾಶವ್ವ, ತಮ್ಮನ ಹೆಂಡತಿ ರತ್ನವ್ವ. ಒಬ್ಬಳು ರೊಟ್ಟಿ ಬಡಿದರೆ ಒಬ್ಬಳು ಬೇಯಿಸುವಳು. ಒಬ್ಬಳ ಕೈ ಸೋತರೆ ಇನ್ನೊಬ್ಬಳು ಬಡಿಯಲು ಕೂಡುವಳು. ತಾಯಿ ಹಂಪವ್ವ ಮಂಚದ ಮೇಲೆ ಮಲಗಿಕೊಂಡೇ ಆ ಸಪ್ಪಳ ಕೇಳುತ್ತಿದ್ದಳು. "ಇದನ್ನ ಕೇಳಿದ್ರ ಉಣ್ಣೂದಕ್ಕಿಂತ ಮೊದಲ ನನಗ ಹೊಟ್ಟಿ ತುಂಬತೈತಿ" ಎನ್ನುತ್ತಿದ್ದಳು.

ಹಂಪವ್ವ ಗಂಡ ಸತ್ತ ಮೇಲೆ ಹತ್ತಿ ಬಿಡಿಸುವ ಜಿನ್ ಮಿಲ್ಲಿನಲ್ಲಿ ದುಡಿದು ಮಕ್ಕಳನ್ನು ಸಾಕಿದವಳು. ಅಲ್ಲಿನ ಧೂಳು ಎದೆಯಲ್ಲಿ ಕೂತುಬಿಟ್ಟಿತ್ತು. ಈಗ ಗೋಡೆಯ ಬದಿಯ ಆಕ್ಸಿಜನ್ ಮಷಿನ್ ಹಗಲೂ ರಾತ್ರಿಯೂ ಗುಂಯ್ ಎನ್ನಬೇಕು. ಮೂಗಿನಲ್ಲಿ ನಳಿಕೆ ಇದ್ದರೆ ಉಸಿರು, ಇಲ್ಲದಿದ್ದರೆ ಒದ್ದಾಟ. ಆ ಮಷಿನ್ ಬಂದ ಮೇಲೆ ಕರೆಂಟ್ ಬಿಲ್ಲು ಮನೆಯವರನ್ನು ಹಿಂಡತೊಡಗಿತು.

ಅದೇ ಹೊತ್ತಿಗೆ, ಚಾವಣಿ ಮೇಲೆ ಸೋಲಾರ್ ಹಾಕಿಸಿಕೊಂಡರೆ ಸರ್ಕಾರ ಸಬ್ಸಿಡಿ ಕೊಡುತ್ತದೆ ಎಂಬ ಸುದ್ದಿ ಬಂತು. ಅಡಿವೆಪ್ಪ ಕಚೇರಿಗೆ ಹೋದ. ಕಿಟಕಿಯ ಆಚೆಗಿದ್ದವನು ಕಾಗದ ತಿರುವಿ ನೋಡಿ ವಾಪಸು ಚಾಚಿದ.

"ನಿಮ್ಮ ತಮ್ಮಗ ಸರ್ಕಾರಿ ಪಗಾರ ಐತ್ರಿ. ಒಂದ ಕುಟುಂಬ ಅಂದ ಮ್ಯಾಲ ಆದಾಯ ಮಿತಿ ದಾಟತೈತಿ. ಬ್ಯಾರೆ ಇದ್ರ ನಿಮಗ ಸಿಗತಿತ್ತು."

ಮನೆಗೆ ಬಂದು ಹೇಳಿದಾಗ ಚನ್ನಬಸಪ್ಪ ನಕ್ಕುಬಿಟ್ಟ. "ಅಷ್ಟೇ ಹೌದಿಲ್ಲೊ ಅಣ್ಣಾ? ಬ್ಯಾರೆ ಅದೀವಿ ಅಂತ ಹೇಳಿದ್ರ ಆತು. ಯಾರ ಬಂದು ನಮ್ಮ ಗಡಿಗಿ ಇಣುಕಿ ನೋಡ್ತಾರ?"

"ಇಭೂತಿ ಹಚ್ಚಿದ ಹಣಿ ಇದು. ಸುಳ್ಳ ಹೇಳಂಗಿಲ್ಲ ನಾ" ಎಂದ ಅಡಿವೆಪ್ಪ.

ಆದರೆ ತಾಯಿಯ ಮಷಿನ್ ಸದ್ದು ಅವನನ್ನು ಸುಮ್ಮನಿರಗೊಡಲಿಲ್ಲ. ಹೊಲಿಯುವಾಗ, ಉಣ್ಣುವಾಗ, ಪೂಜೆಗೆ ಕೂತಾಗಲೂ ಅದೇ ಯೋಚನೆ. ಕಡೆಗೆ ಅವನಿಗೊಂದು ದಾರಿ ಹೊಳೆಯಿತು. ಬೇರೆ ಆಗದೆ ಬೇರೆ ಎಂದರೆ ಸುಳ್ಳು. ಶಾಸ್ತ್ರಪ್ರಕಾರ ಬೇರೆಯಾಗಿಬಿಟ್ಟರೆ ಅದು ಸುಳ್ಳು ಹೇಗಾದೀತು? ಸೋಲಾರ್ ಬಂದ ಮೇಲೆ ಮತ್ತೆ ಕೂಡಿದರಾಯಿತು.

ಈ ಯೋಚನೆ ಬಂದದ್ದು ದೇವರ ದಯೆ ಎಂದೇ ಅವನು ಕೈಮುಗಿದ.

ಆ ಸೀಮೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದು ಪದ್ಧತಿ ಇತ್ತು. ಓಣಿಯ ಹಿರಿಯರನ್ನು ಕರೆಯಬೇಕು. ದೇವರ ಜಗುಲಿಯ ಮುಂದೆ ಒಂದು ರೊಟ್ಟಿಯನ್ನು ಮುರಿದು, ಇಬ್ಬರೂ ತಮ್ಮ ತಮ್ಮ ಅರ್ಧ ತಿನ್ನಬೇಕು. ಆಮೇಲೆ ತಾಯಿ ಹಳೆಯ ಒಲೆಯಿಂದ ಕೆಂಡ ತೆಗೆದು ಹೊಸ ಒಲೆಗೆ ಕೊಡಬೇಕು.

ಹಂಪವ್ವ ಬೇಡವೆಂದಳು. "ನನ್ನ ಉಸರಿನ ಸಲುವಾಗಿ ಮನಿ ಮುರೀತೀರೇನೋ? ಬ್ಯಾಡೋ ಯಪ್ಪಾ. ಮಷಿನ್ ಬಂದ್ ಮಾಡ್ರಿ ಬೇಕಾದ್ರ."

"ಯವ್ವಾ, ಇದು ನಾಕ ದಿನದ ಮಾತು. ಮತ್ತ ಕೂಡ್ತೀವಿ."

"ನಾಕ ದಿನದ ಮಾತಿಗೆ ದೇವರನ್ನ ಯಾಕ ಕರೀತಿ?"

ಅಡಿವೆಪ್ಪ ಹಿರಿಯರನ್ನು ಕರೆಯಲು ಎದ್ದು ಹೋದ.

ಹಿರಿಯರು ಬಂದರು. ಪಡಸಾಲೆಯ ನಡುವೆ ಆಳೆತ್ತರದ ಇಟ್ಟಿಗೆಯ ಗೋಡೆ ಎದ್ದಿತ್ತು. ಅತ್ತ ಕಡೆ ಹೊಸ ಒಲೆ ಹೂಡಿದ್ದರು. ಅಡಿವೆಪ್ಪ ದೇವರಿಗೆ ಪತ್ರಿ ಏರಿಸಿ, ರೊಟ್ಟಿ ಮುರಿದು ತಮ್ಮನಿಗೆ ಅರ್ಧ ಕೊಟ್ಟ. ಆಗ ಒಳಗಿನ ಮಾತು ಗೊತ್ತಿರದ ಹಿರಿಯ ಶರಣಪ್ಪಜ್ಜ ಪದ್ಧತಿಯಂತೆ ಕೇಳಿದ:

"ತಾಯಿ ಯಾರ ಪಾಲಿಗೆ?"

ಈ ಪ್ರಶ್ನೆ ಬರುತ್ತದೆಂದು ಅಣ್ಣತಮ್ಮಂದಿರು ಯೋಚಿಸಿರಲೇ ಇಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಷಿನ್ ಅಣ್ಣನ ಕಡೆ ಇತ್ತು. ಸೋಲಾರ್ ಬರಬೇಕಾದದ್ದೂ ಅಣ್ಣನ ಹೆಸರಿಗೆ.

"ನನ್ನ ಪಾಲಿಗ್ರಿ" ಎಂದ ಅಡಿವೆಪ್ಪ.

"ಆತು. ಇನ್ನ ತಮ್ಮಗ ತಾಯಿದು ಋಣಾನೂ ಇಲ್ಲ, ಹಂಗೂ ಇಲ್ಲ" ಎಂದ ಅಜ್ಜ. ಅದೂ ಪದ್ಧತಿಯ ಮಾತೇ. ಚನ್ನಬಸಪ್ಪನ ತಲೆ ತಗ್ಗಿತು. ಬಾಯಲ್ಲಿದ್ದ ರೊಟ್ಟಿಯನ್ನು ಅವನು ಹಾಗೇ ನುಂಗಿದ.

ಹಂಪವ್ವ ಮೂಗಿನ ನಳಿಕೆ ತೆಗೆದಿಟ್ಟಳು. ಬೆಂಕಿಯ ಹತ್ತಿರ ಅದು ಅಪಾಯವೆಂದು ಮಷಿನ್ ಆರಿಸಿದರು. ಇಬ್ಬರು ಸೊಸೆಯರು ಅವಳ ರಟ್ಟೆ ಹಿಡಿದು ಒಲೆಯ ಬಳಿ ಕೂಡಿಸಿದರು. ಏದುಸಿರು ಬಿಡುತ್ತಲೇ ಅವಳು ಇಕ್ಕಳದಲ್ಲಿ ಕೆಂಡ ಹಿಡಿದು ಹೆಂಚಿನ ಚೂರಿನ ಮೇಲೆ ಇಟ್ಟಳು. ರತ್ನವ್ವ ಅದನ್ನು ಒಯ್ದು ಹೊಸ ಒಲೆಯಲ್ಲಿ ಹಾಕಿ ಊದಿದಳು. ಬೆಂಕಿ ಹತ್ತಿತು.

ಆಮೇಲೆ ಪರಿಶೀಲನೆಗೆ ಕಚೇರಿಯವರು ಬಂದರು. "ನೀವು ಬ್ಯಾರೆ ಆಗೀರೇನು?" ಎಂದು ಕೇಳಿದರು. "ಆಗೀವ್ರಿ" ಎಂದ ಅಡಿವೆಪ್ಪ. ನಾಲಿಗೆ ತಡವರಿಸಲಿಲ್ಲ, ಏಕೆಂದರೆ ಅದು ಸುಳ್ಳಾಗಿರಲಿಲ್ಲ.

ಸೋಲಾರ್ ಬಂತು. ಹಗಲಿನ ಬಿಸಿಲು ರಾತ್ರಿಯ ಖರ್ಚನ್ನೂ ತೂಗಿಸಿತು. ಮಷಿನ್ ಭಯವಿಲ್ಲದೆ ಗುಂಯ್ ಎಂದಿತು. ತಮ್ಮನ ಕಡೆಗೆ ಬೇರೆ ಮೀಟರ್ ಆಗಿತ್ತು, ಅವನ ಬಿಲ್ಲು ಅವನೇ ಕಟ್ಟಿದ.

ಮೊದಮೊದಲು ಗೋಡೆಯ ಮೇಲಿಂದ ಪಲ್ಯದ ಬಟ್ಟಲು ದಾಟುತ್ತಿತ್ತು. ಯಾರಾದರೂ ನೋಡಿ ಕಚೇರಿಗೆ ಹೇಳಿದರೆ ಸಬ್ಸಿಡಿ ವಾಪಸು ಕೇಳಿಯಾರೆಂದು ಅಡಿವೆಪ್ಪನೇ ಅದನ್ನು ನಿಲ್ಲಿಸಿದ. ಡ್ಯೂಟಿಗೆ ಹೋಗುವ ಮುಂಚೆ ಚನ್ನಬಸಪ್ಪ ತಾಯಿಯ ಪಕ್ಕ ಕೂತು ಉಣ್ಣುತ್ತಿದ್ದ. ಅದೂ ಬೇಡವೆಂದ ಅಣ್ಣ. ತಮ್ಮ ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗತೊಡಗಿದ. ಆಮೇಲೆ ಬಾಗಿಲಿಗೂ ಬರುವುದು ಕಡಿಮೆಯಾಯಿತು. ರತ್ನವ್ವನಿಗೆ ತನ್ನ ಒಲೆ, ತನ್ನ ಉಪ್ಪು, ತನ್ನ ಹೊತ್ತು ರೂಢಿಯಾಯಿತು. ಒಮ್ಮೆ ತಾಯಿಗೆ ಉಸಿರು ಹೆಚ್ಚಾಗಿ ಕಾಶವ್ವ ಕೂಗಿದಾಗ, ಗೋಡೆಯ ಆಚೆಯಿಂದ ರತ್ನವ್ವನ ದನಿ ಬಂತು: "ಅತ್ತೀನ ನಿಮ್ಮ ಪಾಲಿಗೆ ತೊಗೊಂಡೀರಲ್ಲ ಅಕ್ಕಾ, ನೀವ ನೋಡ್ಕೋರಿ."

ಹಂಪವ್ವ ಅದನ್ನು ಕೇಳಿ ಗೋಡೆಯತ್ತ ಮುಖ ತಿರುಗಿಸಿ ಮಲಗಿದಳು. ಅಂದಿನಿಂದ ಅವಳ ಊಟ ಇಳಿಯಿತು. ಕೇಳಿದರೆ ಒಂದೇ ಮಾತು: "ಒಂದ ಒಲಿ ರೊಟ್ಟಿ ತಿಂದು ಸಾಯಬೇಕಂತ ಇತ್ತಪಾ."

ಹೀಗಿರುವಾಗ ಸರ್ಕಾರ ಆದಾಯ ಮಿತಿಯನ್ನು ಏರಿಸಿತು. ಅಡಿವೆಪ್ಪ ಕಚೇರಿಗೆ ಓಡಿದ. ಕಿಟಕಿಯ ಆಚೆಗೆ ಅದೇ ಮನುಷ್ಯ.

"ಹೊಸ ಮಿತಿ ಪ್ರಕಾರ ನೀವು ಕೂಡಿದ್ರೂ ಸಿಗತಿತ್ತು ನೋಡ್ರಿ. ಒಂದಿಷ್ಟು ತಡದಿದ್ರ ಆಗತಿತ್ತು."

"ಈಗ ಕೂಡಿದ್ರ ತಪ್ಪಿಲ್ಲಲ್ರಿ?"

"ಏನೂ ತಪ್ಪಿಲ್ಲ."

ಅಡಿವೆಪ್ಪ ಮನೆಗೆ ಬಂದವನೇ, ಕಾಲು ತೊಳೆಯದೆ, ಗೋಡೆಯ ಆಚೆಯ ಬಾಗಿಲಿಗೆ ಹೋದ. ಸಂಜೆಯಾಗಿತ್ತು. ಚನ್ನಬಸಪ್ಪ ಡ್ಯೂಟಿಯಿಂದ ಬಂದು ಚಹಾ ಕುಡಿಯುತ್ತಿದ್ದ.

"ತಮ್ಮಾ, ಮಿತಿ ಏರೇತಿ. ಇನ್ನ ಅಂಜಿಕಿ ಇಲ್ಲ. ನಾಳೆ ಈ ಒಲಿ ಕೆಡಸೂಣು. ಅವ್ವ ಹಾದಿ ನೋಡಾಕತ್ಯಾಳ."

ಚನ್ನಬಸಪ್ಪ ಲೋಟ ಕೆಳಗಿಟ್ಟ.

"ನಾನೂ ಕೇಳೇನಣ್ಣಾ. ಮಿತಿ ಏರಿದ್ರಿಂದ ಈಗ ನನಗೂ ಸೋಲಾರ್ ಬರತೈತಿ. ಬ್ಯಾರೆ ಇದ್ರ ಮಾತ್ರ. ಕೂಡಿದ್ರ ಒಂದ ಮನಿ, ಒಂದ ಸಬ್ಸಿಡಿ. ಅದು ನಿನಗ ಆಗೇ ಹೋಗೇತಿ."

"ಸೋಲಾರಿನ ಮಾತಲ್ಲೋ ಇದು. ಅವ್ವನ ಮಾತು."

"ಅವತ್ತ ನೀನೂ ಅವ್ವನ ಮಾತು ಅಂತನ ಸೋಲಾರಿಗೆ ಬ್ಯಾರೆ ಮಾಡಿದಿ." ಅವನ ದನಿ ಏರಲಿಲ್ಲ. "ನಾ ಏನಂದಿದ್ದೆ? ಬಾಯಿಮಾತಿಗೆ ಹೇಳೂಣು ಅಂದಿದ್ದೆ. ನೀ ಹಿರಿಯಾರನ್ನ ಕರೆಸಿದಿ. ದೇವರ ಮುಂದ ರೊಟ್ಟಿ ಮುರದಿ. ತಾಯಿ ಋಣ ಇಲ್ಲ ಅಂತ ಓಣಿ ಮಂದಿ ಮುಂದ ನನಗ ಅನಿಸಿದಿ. ಅದನ್ನ ಹ್ಯಾಂಗ ಉಗಳಲಿ ಹೇಳು."

ಒಳಗೆ ರತ್ನವ್ವ ಒಲೆಗೆ ಕಟ್ಟಿಗೆ ತುರುಕುತ್ತಿದ್ದಳು. ಅವಳು ತಿರುಗಿ ನೋಡಲಿಲ್ಲ.

ಮರಳಿ ಬಂದಾಗ ಹಂಪವ್ವ ಕಣ್ಣು ತೆರೆದೇ ಇದ್ದಳು. "ಏನಂದ ಚನ್ನ?"

ಅಡಿವೆಪ್ಪ ತಾಯಿಯ ಮುಖ ನೋಡಿದ. ಅವನ ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಇತ್ತು.

"ಹೂಂ ಅಂದ ಯವ್ವಾ. ನಾಳೆ ಮುಂಜಾನೆ ಆ ಒಲಿ ಕೆಡಸ್ತೀವಿ."

ಅವನ ಆಯುಷ್ಯದಲ್ಲಿ ಬಾಯಿಂದ ಬಂದ ಮೊದಲ ಸುಳ್ಳು ಅದು. ಹಂಪವ್ವ ಅವನ ಕೈ ಹಿಡಿದುಕೊಂಡೇ ನಿದ್ದೆಹೋದಳು.

ಬೆಳಗಾಯಿತು. ಕಾಶವ್ವ ರೊಟ್ಟಿ ಬಡಿಯಲು ಕೂತಳು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದಲೂ ತಟ್, ತಟ್ ಎಂದು ಸಪ್ಪಳ ಎದ್ದಿತು. ಈಚೆಗೊಂದು, ಆಚೆಗೊಂದು. ಹಂಪವ್ವ ಕಿವಿಗೊಟ್ಟು ಕೇಳಿದಳು. ಅಡಿವೆಪ್ಪ ಬಿಸಿ ರೊಟ್ಟಿ ಮುರಿದು ಅವಳ ತುಟಿಗೆ ಹಿಡಿದ.

"ಒಂದ ಒಲೀದು ಯವ್ವಾ, ತಿನ್ನು."

"ಎರಡೂ ಕಡೆ ಬಡಿಯೂದು ಕೇಳಸ್ತೈತಪಾ" ಎಂದಳು ಅವಳು. ಸಿಟ್ಟಿಲ್ಲ, ಅಳುವಿಲ್ಲ. ತುಟಿ ಮಾತ್ರ ಬಿಗಿಯಿತು. ಮತ್ತೆ ಅವಳು ಬಾಯಿ ತೆರೆಯಲಿಲ್ಲ.

ಆ ದಿನ ಬಿಸಿಲೇರುವ ಹೊತ್ತಿಗೆ ಅವಳ ಜೀವ ಹೋಯಿತು. ಗೋಡೆಯ ಆ ಬದಿಯಿಂದ ಚನ್ನಬಸಪ್ಪ ಓಡಿ ಬಂದ, ಈ ಬದಿಯಲ್ಲಿ ಅಡಿವೆಪ್ಪ ಕುಸಿದು ಕೂತ. ಮಷಿನ್ ಆರಿಸಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಚಾವಣಿಯ ಮೇಲೆ ಬಿಸಿಲು ಚೆನ್ನಾಗಿ ಕಾಯುತ್ತಿತ್ತು. ಮಷಿನ್ ಓಡುತ್ತಲೇ ಇತ್ತು.

ನೀತಿ: ಸುಳ್ಳನ್ನು ದೇವರ ಮುಂದೆ ಇಟ್ಟು ಶಾಸ್ತ್ರ ಮಾಡಿದರೆ ಅದು ಸತ್ಯವಾಗುವುದಿಲ್ಲ. ಬಾಯಿ ಮಡಿಯಾಗಿ ಉಳಿಯುತ್ತದೆ, ಮನೆ ಮಾತ್ರ ಕೆಡುತ್ತದೆ. ಸರ್ಕಾರ ಹಾಕಿದ ಮಿತಿಯನ್ನು ಸರ್ಕಾರ ಬದಲಿಸೀತು. ಅದಕ್ಕಾಗಿ ನಾವು ಮುರಿದ ರೊಟ್ಟಿಯನ್ನು ಮತ್ತೆ ಕೂಡಿಸಲು ಯಾವ ಕಚೇರಿಯಲ್ಲೂ ಆದೇಶ ಹೊರಡುವುದಿಲ್ಲ.